ಸಿಂಪಿಗೆ ತಗಲುವ ರೋಗ: ನಮ್ಮ ಅಳಿವೆಗಳಿಗೊಂದು ಎಚ್ಚರಿಕೆ

2024ರ ಜುಲೈ ತಿಂಗಳಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಸಿಂಪಿಗಳಲ್ಲಿ, ಅಂದರೆ ಆಯ್ಸ್ಟರ್‌ಗಳಲ್ಲಿ, ಎಂಎಸ್‌ಎಕ್ಸ್ ಎಂಬ ಪರಾವಲಂಬಿ ರೋಗ ಪತ್ತೆಯಾಯಿತು. ಅಲ್ಲಿನ ಸರಕಾರ ಸಿಂಪಿಗಳ ಸಾಗಾಟಕ್ಕೆ ನಿರ್ಬಂಧ ಹೇರಿತು. ದೂರದ ಈ ಸುದ್ದಿ ನಮಗೇಕೆ ಎಂದು ಕೇಳಬಹುದು. ಅಘನಾಶಿನಿಯ ಅಳಿವೆಯಲ್ಲಿ ನೀರಿನ ಇಳಿತದ ಹೊತ್ತಿಗೆ ಚಿಪ್ಪು ಹೆಕ್ಕಿ ಸಂಸಾರ ಸಾಗಿಸುವ ಕುಟುಂಬಗಳನ್ನು ನೆನೆದರೆ ಉತ್ತರ ಸಿಗುತ್ತದೆ.

ಒಂದೊಂದು ಪ್ರದೇಶದ ಸಿಂಪಿಯೂ ತನ್ನ ಪರಾವಲಂಬಿಗಳೊಂದಿಗೆ ಬಹುಕಾಲದಿಂದ ಹೊಂದಿಕೊಂಡು ಬದುಕಿರುತ್ತದೆ. ಒಂದೆಡೆಯ ಪರಾವಲಂಬಿ ಇನ್ನೊಂದೆಡೆಗೆ ಹೋದಾಗಲೇ ದೊಡ್ಡ ಅಪಾಯ. ಏಷ್ಯಾದ ಪೆಸಿಫಿಕ್ ಸಿಂಪಿಗೆ ಎಂಎಸ್‌ಎಕ್ಸ್ ಹೆಚ್ಚೇನೂ ಹಾನಿ ಮಾಡದು. ಅದೇ ಜೀವಿ 1957ರಲ್ಲಿ ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಕಾಣಿಸಿಕೊಂಡಾಗ ಅಲ್ಲಿಯ ಸಿಂಪಿಗಳು ರಾಶಿ ರಾಶಿಯಾಗಿ ಸತ್ತವು.

ಹುಕ್ಕೇರಿ ತಾಲೂಕಿನ ಕಣಗಲಾದಂತಹ ಒಳನಾಡಿನ ಊರಿನ ರೈತರಿಗೂ ಈ ಮಾತು ಹೊಸದಲ್ಲ. ಸಂತೆಯಿಂದ ತಂದ ದನವನ್ನು ಕೆಲವು ದಿನ ಬೇರೆ ಕಟ್ಟದಿದ್ದರೆ ಅದರ ರೋಗ ಇಡೀ ಕೊಟ್ಟಿಗೆಗೆ ಹರಡುತ್ತದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ದನದ ಸಂತೆಗಳನ್ನು ತಡೆದದ್ದೂ ಇದೇ ಕಾರಣಕ್ಕೆ. ಆದರೆ ಅಳಿವೆಗೆ ಬಾಗಿಲಿಲ್ಲ. ಒಮ್ಮೆ ಒಳಹೊಕ್ಕ ಪರಾವಲಂಬಿಯನ್ನು ಹೊರಹಾಕುವುದು ಅಸಾಧ್ಯವೆಂದೇ ಹೇಳಬೇಕು.

ನಮ್ಮ ದೇಶದ ಸಿಂಪಿಗಳಲ್ಲೂ ಪರಾವಲಂಬಿಗಳು ಪತ್ತೆಯಾಗಿವೆ. ಪರ್ಕಿನ್ಸಸ್ ಓಲ್ಸೆನಿ ಎಂಬುದು ಮುತ್ತಿನ ಸಿಂಪಿಯಲ್ಲಿ ಕಂಡುಬಂದುದನ್ನು 2010ರಲ್ಲಿ, ಪರ್ಕಿನ್ಸಸ್ ಬೈಹೈಯೆನ್ಸಿಸ್ ಎಂಬುದು ತಿನ್ನುವ ಸಿಂಪಿಯಲ್ಲಿ ಕಂಡುಬಂದುದನ್ನು 2012ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವರದಿ ಮಾಡಿದರು. ಪರಾವಲಂಬಿ ಇದ್ದ ಮಾತ್ರಕ್ಕೆ ಸಿಂಪಿ ಸಾಯಲೇಬೇಕೆಂದಿಲ್ಲ. ಇವು ಮನುಷ್ಯರಿಗೆ ರೋಗ ತರುವುದೂ ಇಲ್ಲ. ನಮ್ಮ ಆರೋಗ್ಯಕ್ಕೆ ಅಪಾಯ ಬರುವುದು ಚರಂಡಿ ನೀರು ಸೇರಿದ ಅಳಿವೆಯ ಸಿಂಪಿಯನ್ನು ಹಸಿಯಾಗಿ ಅಥವಾ ಅರೆಬೆಂದಂತೆ ತಿಂದಾಗ.

ಸಿಹಿನೀರಿನ ಪಾತ್ರವೂ ಗಮನಾರ್ಹ. ಅಮೆರಿಕದಲ್ಲಿ ಸಿಂಪಿಗಳನ್ನು ಕೊಲ್ಲುವ ಪರ್ಕಿನ್ಸಸ್ ಮರೈನಸ್ ಬೆಚ್ಚಗಿನ, ಉಪ್ಪು ಹೆಚ್ಚಿದ ನೀರಿನಲ್ಲಿ ಬಲಗೊಳ್ಳುತ್ತದೆ. ನದಿಯ ಸಿಹಿನೀರು ಬಂದಾಗ ಕುಗ್ಗುತ್ತದೆ. ಅಣೆಕಟ್ಟು ಕಾಣದ ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆತಿದೆ. ಈ ನದಿಯ ನೀರನ್ನು ಬೇರೆಡೆಗೆ ತಿರುಗಿಸುವ ಮಾತು ಬಂದಾಗ ಚಿಪ್ಪು ಹೆಕ್ಕುವವರ ಹಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಿಂಪಿ ಸಾಕಣೆಗೆ ಮುಂದಾಗುವ ಸ್ವಸಹಾಯ ಸಂಘಗಳು ಹೊರಗಿನ ಮರಿಗಳನ್ನು ಪರೀಕ್ಷೆಯಿಲ್ಲದೆ ನೀರಿಗೆ ಬಿಡಬಾರದು. ಚಿಪ್ಪುಗಳು ಒಮ್ಮೆಲೇ ಸತ್ತುದು ಕಂಡರೆ ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು. ನಮ್ಮ ಚರ್ಚುಗಳ ಸಮಾಜಸೇವಾ ಕಾರ್ಯಕರ್ತರು ಈ ಎರಡು ಮಾತುಗಳನ್ನು ದಡದ ಮನೆಮನೆಗೆ ಮುಟ್ಟಿಸಿದರೆ ಬಡವರ ಅನ್ನದ ದಾರಿಯೊಂದನ್ನು ಕಾಪಾಡಿದಂತಾಗುತ್ತದೆ.