ಶಾಲಾ ಗಣಕಯಂತ್ರದಲ್ಲಿ ತುಂಟಾಟ: ಎಲ್ಲಿದೆ ಲಕ್ಷ್ಮಣರೇಖೆ?

ಕರಿಹಲಗೆಯ ಮೇಲೆ ಮೇಷ್ಟ್ರ ವ್ಯಂಗ್ಯಚಿತ್ರ ಬರೆದು ಬೆತ್ತದ ರುಚಿ ಕಂಡ ಪೀಳಿಗೆ ನಮ್ಮದು. ಇಂದಿನ ಮಕ್ಕಳಿಗೆ ಗಣಕಯಂತ್ರವೇ ಕರಿಹಲಗೆ. ಅಲ್ಲಿ ಬರೆದದ್ದನ್ನು ಬಟ್ಟೆಯಿಂದ ಒರೆಸಲಾಗದು ಎಂಬುದಷ್ಟೇ ವ್ಯತ್ಯಾಸ.

ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯು 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದು ಈ ವಿಷಯವನ್ನು ಗಂಭೀರ ಚರ್ಚೆಗೆ ತಂದಿದೆ. ಶಿಕ್ಷಣ ಕ್ಷೇತ್ರದಲ್ಲಿ ಒಳಗಿನವರಿಂದಲೇ ಮಾಹಿತಿ ಸೋರಿಕೆಯಾದ 215 ಪ್ರಕರಣಗಳನ್ನು ಅದು ಪರಿಶೀಲಿಸಿತು. ಅವುಗಳಲ್ಲಿ ಶೇ. 57ರಷ್ಟು ವಿದ್ಯಾರ್ಥಿಗಳ ಕೈವಾಡ! ಆದರೆ ನಿಜವಾದ ತಾಂತ್ರಿಕ ಚಾತುರ್ಯ ಕಂಡುಬಂದದ್ದು ಶೇ. 5ರಲ್ಲಿ ಮಾತ್ರ. ಅನೇಕ ಕಡೆ ಮಕ್ಕಳು ಊಹಿಸಿದ ಅಥವಾ ಕದ್ದ ಪಾಸ್‌ವರ್ಡುಗಳೇ ಬಾಗಿಲು ತೆರೆದಿದ್ದವು.

ಈ ಚಾಳಿ ಹೊಸದೇನಲ್ಲ. 1982ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹದಿನೈದರ ಹರೆಯದ ರಿಚ್ ಸ್ಕ್ರೆಂಟಾ ಎಂಬ ಶಾಲಾ ಬಾಲಕ ‘ಎಲ್ಕ್ ಕ್ಲೋನರ್’ ಎಂಬ ಪ್ರೋಗ್ರಾಮನ್ನು ಬರೆದ. ಆಪಲ್-2 ಯಂತ್ರದ ಫ್ಲಾಪಿಯಿಂದ ಫ್ಲಾಪಿಗೆ ತಾನಾಗಿಯೇ ಹರಡುತ್ತಿದ್ದ ಅದು, ಐವತ್ತನೆಯ ಬಾರಿ ಯಂತ್ರ ಚಾಲೂ ಮಾಡಿದಾಗ ಪರದೆಯ ಮೇಲೆ ಪುಟ್ಟ ಪದ್ಯವೊಂದನ್ನು ಮೂಡಿಸುತ್ತಿತ್ತು. ಗೆಳೆಯರನ್ನು ಕಾಡಿಸಲು ಹುಟ್ಟಿದ ಈ ಕುಚೇಷ್ಟೆ, ಪ್ರಯೋಗಾಲಯದ ಹೊರಗೆ ಹರಡಿದ ಮೊದಲ ವೈಯಕ್ತಿಕ ಗಣಕಯಂತ್ರದ ವೈರಸ್‌ಗಳಲ್ಲೊಂದೆಂದು ಚರಿತ್ರೆ ಸೇರಿತು.

2021ರ ಏಪ್ರಿಲ್ 30ರಂದು ಇಲಿನಾಯ್ ರಾಜ್ಯದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ಅಂತಿಮ ವರ್ಷದ ಕೆಲವು ವಿದ್ಯಾರ್ಥಿಗಳು ಒಂದೇ ಶಾಲಾ ಜಿಲ್ಲೆಯ ಆರು ಪ್ರೌಢಶಾಲೆಗಳ ತರಗತಿ ಪರದೆಗಳಲ್ಲಿ ಏಕಕಾಲಕ್ಕೆ ಗಾಯಕ ರಿಕ್ ಆಸ್ಟ್ಲಿಯ 1987ರ ಹಾಡು ಮೊಳಗಿಸಿದರು. ಪರೀಕ್ಷೆಗಳಿಗೆ ಅಡ್ಡಿಯಾಗದಂತೆ ಎಚ್ಚರ ವಹಿಸಿದ್ದರು. ಬಳಿಕ ವ್ಯವಸ್ಥೆ ಮೊದಲಿನಂತಾಗಲು ಏರ್ಪಾಡು ಮಾಡಿದ್ದರು. ಅಷ್ಟೇ ಅಲ್ಲ, ತಾವು ಕಂಡ ದೋಷಗಳನ್ನು ವಿವರಿಸುವ 26 ಪುಟಗಳ ವರದಿಯನ್ನು ಆಡಳಿತಕ್ಕೆ ಕಳುಹಿಸಿದರು. ಆಡಳಿತವು ಶಿಕ್ಷಿಸದೆ, ಅವರನ್ನು ಮಾತುಕತೆಗೆ ಕರೆಯಿತು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಬ್ರಿಟಿಷ್ ವಿಶ್ಲೇಷಣೆಯಲ್ಲಿದೆ. ಅಲ್ಲಿನ ಮೂವರು ವಿದ್ಯಾರ್ಥಿಗಳು, ಅಂತರಜಾಲದಿಂದ ಇಳಿಸಿಕೊಂಡ ಸಾಧನಗಳಿಂದ, 1,400ಕ್ಕೂ ಹೆಚ್ಚು ಸಹಪಾಠಿಗಳ ವಿವರಗಳಿದ್ದ ವ್ಯವಸ್ಥೆಯೊಳಗೆ ನುಸುಳಿದ್ದರು. ಕೌಶಲ ಪರೀಕ್ಷಿಸುವ ಕುತೂಹಲವೇ ಕಾರಣವೆಂದರು. ಎರಡೂ ಕಡೆ ಕುತೂಹಲವಿತ್ತು. ಒಂದೆಡೆ ಅದು ಅನ್ಯರ ಖಾಸಗಿ ಮಾಹಿತಿಯನ್ನು ಮುಟ್ಟಿತು, ಇನ್ನೊಂದೆಡೆ ದೋಷವನ್ನು ತಿಳಿಸಿತು. ಲಕ್ಷ್ಮಣರೇಖೆ ಇರುವುದು ಇಲ್ಲಿಯೇ.

ಹಾಗೆಂದು ಇಲಿನಾಯ್ ಘಟನೆಯನ್ನು ನಮ್ಮ ಮಕ್ಕಳು ಮಾದರಿಯಾಗಿ ಕೊಳ್ಳುವಂತಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಕಲಮಿನಂತೆ ಅನುಮತಿಯಿಲ್ಲದೆ ಅನ್ಯರ ಗಣಕಯಂತ್ರ ಪ್ರವೇಶಿಸಿದರೆ ಪರಿಹಾರ ತೆರಬೇಕಾದೀತು. ಅಪ್ರಾಮಾಣಿಕ ಉದ್ದೇಶವಿದ್ದರೆ 66ನೆಯ ಕಲಮಿನಡಿ ಮೂರು ವರ್ಷಗಳವರೆಗಿನ ಸೆರೆ ಅಥವಾ ಐದು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಹದಿನೆಂಟು ತುಂಬದವರ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆಂಬುದು ನಿಜ. ಆದರೆ ಮನೆಯವರ ಪಾಲಿಗೆ ಆ ಮೆಟ್ಟಿಲು ಹತ್ತುವುದೇ ಶಿಕ್ಷೆಯಲ್ಲವೇ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಹಂತದಲ್ಲೇ ಕೋಡಿಂಗ್ ಕಲಿಸಲು ಹೇಳುತ್ತದೆ. ಬೀಗ ತೆರೆಯುವ ವಿದ್ಯೆಯನ್ನು ಕಲಿಸುವವರು, ಯಾರ ಮನೆಯ ಬೀಗ ಎಂಬ ವಿವೇಕವನ್ನೂ ಕಲಿಸಬೇಡವೇ? ಶಾಲೆಗಳು ದೋಷ ಕಂಡ ವಿದ್ಯಾರ್ಥಿ ನಿರ್ಭಯವಾಗಿ ಹೇಳಿಕೊಳ್ಳಲು ಒಬ್ಬ ಶಿಕ್ಷಕರನ್ನು ಗೊತ್ತುಪಡಿಸಲಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುವುದನ್ನು ಹಿರಿಯರೂ ಬಿಡಲಿ.

ಹೊರನಾಡಿನಲ್ಲಿ ನೆಲೆಸಿರುವ ನಾವು ಮಕ್ಕಳ ಗಣಕಯಂತ್ರ ನೈಪುಣ್ಯವನ್ನು ನೆಂಟರಿಷ್ಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರು ಅದರಿಂದ ಏನು ಮಾಡುತ್ತಿದ್ದಾರೆಂದು ಪಕ್ಕದಲ್ಲಿ ಕುಳಿತು ಕೇಳುವುದು ಅಪರೂಪ. ಇಂದು ರಾತ್ರಿ ಊಟದ ಹೊತ್ತಿಗೆ ಒಮ್ಮೆ ಕೇಳಿ ನೋಡೋಣ. ಗದರದೆ ಕೇಳಿದರೆ ಮಕ್ಕಳು ಹೇಳುತ್ತಾರೆ.