ಆ ಸಮಿತಿಯಲ್ಲಿ ಕಸ ಹೊರೋರಿಗೂ ಒಂದು ಕುರ್ಚಿ ಹಾಕಿ



ಕುಂಬಾರಕೊಪ್ಪಲು ನೆನಪಿದೆಯಾ? 2020ರ ಮಾರ್ಚ್. ಲಾಕ್‌ಡೌನ್‌ಗೆ ಇನ್ನು ಕೆಲವೇ ದಿನ ಬಾಕಿ. ಹಕ್ಕಿಜ್ವರ ಅಂತ ಭೋಪಾಲದ ಲ್ಯಾಬಿನಿಂದ ವರದಿ ಬಂತು, ಸಾವಿರಾರು ಕೋಳಿ ಕೊಂದು ಹೂತರು. ಆಮೇಲೆ ಕೊರೊನಾ ಬಂತು, ಕೋಳಿ ಕತೆ ಎಲ್ಲರಿಗೂ ಮರೆತೇ ಹೋಯ್ತು.

ಈ ಹಕ್ಕಿಜ್ವರದ ಎಚ್5ಎನ್1 ವೈರಸ್ ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡಲ್ಲ. ಹರಡುವ ಹಾಗೆ ಮಾಡೋಕೆ ಆಗುತ್ತಾ ಅಂತ 2011ರಲ್ಲಿ ನೆದರ್ಲೆಂಡ್ಸ್‌ನಲ್ಲೂ ಅಮೆರಿಕದಲ್ಲೂ ವಿಜ್ಞಾನಿಗಳು ಪ್ರಯೋಗ ಮಾಡಿದರು. ಫೆರೆಟ್ ಅನ್ನೋ ಮುಂಗುಸಿಯಂಥ ಪ್ರಾಣಿಗಳಲ್ಲಿ ಅದು ಗಾಳಿಯಿಂದಲೇ ಹರಡಿತು. ಮುಂದೆ ಬರಬಹುದಾದ ರೋಗಕ್ಕೆ ಮೊದಲೇ ತಯಾರಾಗೋಕೆ ಇದು ಬೇಕು ಅಂದರು. ಗಲಾಟೆ ಆಗಿ, 2012ರಲ್ಲಿ ತಾವೇ ಒಂದು ವರ್ಷ ನಿಲ್ಲಿಸಿ, ಮತ್ತೆ ಶುರು ಮಾಡಿದರು. ನಿಲ್ಲಿಸಿದ್ದೂ ಅವರೇ, ಶುರು ಮಾಡಿದ್ದೂ ಅವರೇ!

2014ರಲ್ಲಿ ಏನಾಯ್ತು ಗೊತ್ತಾ? ಜಗತ್ತಿಗೇ ಪಾಠ ಹೇಳುವ ಅಮೆರಿಕದ ಸಿಡಿಸಿ, ಕಡಿಮೆ ಅಪಾಯದ ವೈರಸ್ ಅಂತ ಇನ್ನೊಂದು ಲ್ಯಾಬಿಗೆ ಕಳಿಸಿದ ಮಾದರಿಯಲ್ಲಿ ಎಚ್5ಎನ್1 ಬೆರೆತಿತ್ತು. ಅಲ್ಲಿ ಕೋಳಿಗಳು ಸತ್ತಾಗ ಗೊತ್ತಾಗಿದ್ದು. ವಿಷಯ ಮೇಲಿನವರಿಗೆ ಮುಟ್ಟೋಕೆ ವಾರಗಳೇ ಬೇಕಾದವು. ಅಲ್ಲೇ ಹೀಗಾದ್ರೆ?

ಮೈಸೂರಲ್ಲಿ ಅಂಥ ಪ್ರಯೋಗ ನಡೀತಿದೆ ಅಂತ ನಾನು ಹೇಳ್ತಿಲ್ಲ. ವಿಜ್ಞಾನ ಬೇಡ ಅಂತಲೂ ಅಲ್ಲ, ಭೋಪಾಲದ ಲ್ಯಾಬ್ ಇಲ್ಲದಿದ್ರೆ ಕುಂಬಾರಕೊಪ್ಪಲಿನ ಕೋಳಿ ಯಾಕೆ ಸತ್ತವು ಅಂತಲೇ ತಿಳೀತಿರಲಿಲ್ಲ. ನನ್ನ ಪ್ರಶ್ನೆ ಕಾವಲಿನದ್ದು.

ನಮ್ಮ ದೇಶದಲ್ಲಿ 1989ರ ನಿಯಮಗಳಿವೆ, ಪರಿಸರ ಸಂರಕ್ಷಣಾ ಕಾಯ್ದೆ ಅಡಿಯಲ್ಲಿ. ಅಪಾಯಕಾರಿ ಸೂಕ್ಷ್ಮಜೀವಿ ಇಟ್ಟುಕೊಂಡ, ಜೀನ್ ತಿದ್ದಿದ ಜೀವಿ ಬಳಸುವ ಜಾಗಗಳ ಮೇಲೆ ಕಣ್ಣಿಡೋಕೆ ಜಿಲ್ಲಾ ಮಟ್ಟದ ಸಮಿತಿ ಇರಬೇಕು. ಅಧ್ಯಕ್ಷರು ಜಿಲ್ಲಾಧಿಕಾರಿ. ಕಾರ್ಖಾನೆ ಇನ್‌ಸ್ಪೆಕ್ಟರು, ಮಾಲಿನ್ಯ ಮಂಡಳಿಯವರು, ಆರೋಗ್ಯಾಧಿಕಾರಿ, ಪಾಲಿಕೆ ಆಯುಕ್ತರು ಸದಸ್ಯರು. ಸ್ಥಳಕ್ಕೆ ಹೋಗಿ ನೋಡಬೇಕು, ಅನಾಹುತವಾದರೆ ಗೋಡೆಯಾಚೆಗಿನ ಜನರಿಗೆ ಏನು ವ್ಯವಸ್ಥೆ ಅಂತ ಯೋಜನೆ ಬರೆದಿಡಬೇಕು.

ಈಗ ಆ ಪಟ್ಟಿ ಇನ್ನೊಂದ್ಸಲ ಓದಿ. ಲ್ಯಾಬ್ ತೊಳೆಯೋರು ಎಲ್ಲಿದ್ದಾರೆ? ಚೀಲ ಹೊರೋರು, ಚರಂಡಿ ಬಳಿಯೋರು ಎಲ್ಲಿ?

ಒಂದು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡೋ ನಮ್ಮ ಕೇರಿಯ ಅಕ್ಕ ಒಬ್ಬರು ನನಗೆ ಹೇಳಿದ್ದು: "ಹಳದಿ ಚೀಲಾನೋ ಕೆಂಪು ಚೀಲಾನೋ ಅಂತ ಹೇಳ್ತಾರೆ ಕಣಣ್ಣ, ಒಳಗೇನಿದೆ ಅಂತ ಯಾರೂ ಹೇಳಲ್ಲ." ಲ್ಯಾಬಿನ ಒಳಗಿರೋರಿಗೆ ಮಾಸ್ಕು, ಗೌನು, ತರಬೇತಿ, ಇಂಗ್ಲಿಷ್ ಮಾರ್ಗಸೂಚಿ. ಅಕ್ಕನಿಗೆ ಬಣ್ಣ ಮಾತ್ರ. ಸೋರಿಕೆ ಆದ್ರೆ ಮೊದಲು ಮುಟ್ಟೋದು ಯಾರ ಕೈ? ಆ ಕೈಯ ಜಾತಿ ಯಾವುದು ಅಂತ ಮೈಸೂರಿಗೆ ಚೆನ್ನಾಗಿ ಗೊತ್ತು. ಮುಟ್ಟಬಾರದು ಅಂದವರು ಇದನ್ನ ಮಾತ್ರ ನಮ್ಮ ಕೈಲೇ ಮುಟ್ಟಿಸ್ತಾರೆ.

ಕಾನೂನು ತಿದ್ದಬೇಕಾಗಿಯೂ ಇಲ್ಲ. ಬೇಕಾದವರನ್ನು ಸಮಿತಿಗೆ ಸೇರಿಸಿಕೊಳ್ಳಬಹುದು ಅಂತ ಅದೇ ನಿಯಮದಲ್ಲಿದೆ. ಪೌರಕಾರ್ಮಿಕರಿಂದ ಇಬ್ಬರನ್ನ ಸೇರಿಸಿ. ಅನಾಹುತದ ಯೋಜನೆಯನ್ನ ಕನ್ನಡದಲ್ಲಿ ಗೋಡೆಗೆ ಅಂಟಿಸಿ.

ಮೈಸೂರು ಜಿಲ್ಲೆಯ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ, ಯಾವ ಲ್ಯಾಬಿಗೆ ಹೋಗಿತ್ತು, ಏನು ವರದಿ ಕೊಟ್ಟಿತು ಅಂತ ಆರ್‌ಟಿಐ ಅರ್ಜಿ ಬರೆದಿದ್ದೀನಿ. ಸೋಮವಾರ 11 ಗಂಟೆಗೆ ಡಿಸಿ ಕಚೇರೀಲಿ ಕೊಡ್ತೀವಿ, ಜೊತೆಗೆ ಮನವಿ. ಅಕ್ಕನೂ ಬರ್ತಾರೆ, ಅರ್ಧ ದಿನದ ಕೂಲಿ ಬಿಟ್ಟು. ನೀವೂ ಬನ್ನಿ.