‘ರೆಕ್ವಿಯೆಮ್’ ಯಾರದು?

ಮೊಟ್ಸಾರ್ಟನ ‘ರೆಕ್ವಿಯೆಮ್’ ಎಂದೊಡನೆ ನಮ್ಮ ರಸಿಕರು ಒಂದು ಕಥೆ ಹೇಳಲು ಮುಂದಾಗುತ್ತಾರೆ. ಬೂದುಬಣ್ಣದ ಉಡುಪಿನ ಅಪರಿಚಿತನೊಬ್ಬ ಬಂದು ಮೃತರ ಶಾಂತಿಗಾಗಿ ಹಾಡುವ ಸಂಗೀತವನ್ನು ಬೇಡಿದನಂತೆ, ಅದು ತನಗೇ ಚರಮಗೀತೆಯೆಂದು ಮೊಟ್ಸಾರ್ಟ್ ನಡುಗಿದನಂತೆ, ಸಾಲಿಯೇರಿ ವಿಷವಿಕ್ಕಿದನಂತೆ! ಈ ಅಂತೆಕಂತೆಯನ್ನು 1830ರಲ್ಲಿ ಪುಷ್ಕಿನ್ ನಾಟಕವಾಗಿಸಿದ. 1984ರ ‘ಅಮೇಡಿಯಸ್’ ಚಲನಚಿತ್ರ ಅದನ್ನು ಲೋಕಕ್ಕೆಲ್ಲ ಹಂಚಿತು. ನಾಟಕದ ಬಗ್ಗೆ ನನ್ನ ತಕರಾರಿಲ್ಲ. ಅದನ್ನೇ ಇತಿಹಾಸವೆಂದು ನಂಬಿ, ನಿಜವಾಗಿ ದುಡಿದವನನ್ನು ಮರೆಯುವುದಕ್ಕೆ ಮಾತ್ರ ನನ್ನ ವಿರೋಧ.

ವಿಷದ ಮಾತಿಗೆ ಪುರಾವೆಯಿಲ್ಲ. ನಡೆದುದಿಷ್ಟು: 1791ರ ಫೆಬ್ರವರಿಯಲ್ಲಿ ಆಸ್ಟ್ರಿಯದ ಕೌಂಟ್ ವಾಲ್ಸೆಗ್‌ನ ಎಳೆಯ ಮಡದಿ ತೀರಿಕೊಂಡಳು. ಪರರ ಕೃತಿಗಳನ್ನು ನಕಲು ಮಾಡಿಕೊಂಡು ತನ್ನವೆಂದು ಮೆರೆಸುವ ಚಟ ಈ ಶ್ರೀಮಂತನದು. ಆಕೆಯ ನೆನಪಿಗೆ ಬೇಕಾದ ಸಂಗೀತಕ್ಕೂ ಆತ ಗುಟ್ಟಾಗಿಯೇ ಮುಂಗಡ ಕಳುಹಿಸಿದ. ಆದರೆ ಅದೇ ವರ್ಷ ಡಿಸೆಂಬರ್ 5ರಂದು, 35ನೆಯ ವಯಸ್ಸಿನಲ್ಲಿ, ಮೊಟ್ಸಾರ್ಟ್ ವಿಯೆನ್ನಾದಲ್ಲಿ ಕಣ್ಣುಮುಚ್ಚಿದ. ಪೂರ್ತಿಯಾಗಿದ್ದುದು ಮೊದಲ ಭಾಗವೊಂದೇ. ಮುಂದಿನ ಹಲವು ಭಾಗಗಳಿಗೆ ಗಾಯನದ ಸ್ವರಗಳೂ ಅಲ್ಲಲ್ಲಿ ವಾದ್ಯಗಳ ಸೂಚನೆಯೂ ಇದ್ದವು; ಎಲ್ಲರೂ ಕಣ್ಣೀರಿಡುವ ‘ಲಾಕ್ರಿಮೋಸ’ ಎಂಟು ಆವರ್ತಗಳಿಗೇ ನಿಂತಿತ್ತು.

ಇಬ್ಬರು ಮಕ್ಕಳ ತಾಯಿಯಾದ ವಿಧವೆಗೆ ಬಾಕಿ ಹಣ ಬರಬೇಕಾದರೆ ಕೃತಿ ಮುಗಿಯಬೇಕಿತ್ತು. ಐಬ್ಲರ್ ಎಂಬಾತ ಕೈಹಚ್ಚಿ, ನಡುವೆ ಬಿಟ್ಟ. ಕೊನೆಗೆ ಮುಗಿಸಿದವನು ಜ್ಯೂಸ್‌ಮೈಯರ್. ‘ಸಾಂಕ್ಟುಸ್’ ಮೊದಲಾದ ಕೊನೆಯ ಭಾಗಗಳು ತನ್ನ ರಚನೆಯೆಂದು 1800ರಲ್ಲಿ ಆತ ಪ್ರಕಾಶಕರಿಗೆ ಬರೆದ. ಕೌಂಟ್‌ಗೆ ಒಪ್ಪಿಸಿದ ಹಸ್ತಪ್ರತಿಯ ಮೇಲೆ ಮಾತ್ರ ಮೊಟ್ಸಾರ್ಟನ ಹೆಸರು, ಪಕ್ಕದಲ್ಲಿ ‘1792’! ಸತ್ತವನು ಸಹಿ ಮಾಡಿದ! 1793ರ ಡಿಸೆಂಬರ್ 14ರಂದು ವಾಲ್ಸೆಗ್ ಅದನ್ನು ತನ್ನದೆಂದೇ ಹಾಡಿಸಿದ.

ಜ್ಯೂಸ್‌ಮೈಯರನದು ಸಾಮಾನ್ಯ ಪ್ರತಿಭೆ, ಅವನ ಬರಹದಲ್ಲಿ ದೋಷಗಳಿವೆ ಎಂದು ಪಂಡಿತರು ಹೇಳುತ್ತಾರೆ. ದೋಷಗಳು ಇವೆ, ಒಪ್ಪಿದೆ. ಅವನ್ನು ತಿದ್ದಿ ಈಚೆಗೆ ಹಲವರು ಬೇರೆ ಪಾಠಗಳನ್ನು ಸಿದ್ಧಪಡಿಸಿಯೂ ಇದ್ದಾರೆ. ಆದರೂ ಸಭಾಂಗಣಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಅವನ ಪಾಠವೇ. ಅವನಿಲ್ಲದಿದ್ದರೆ ನಮಗೆ ಉಳಿಯುತ್ತಿದ್ದುದು ಒಂದಿಷ್ಟು ಅರೆಬರೆ ಹಾಳೆಗಳು. ಮೆಚ್ಚಿದ ಸ್ವರವೆಲ್ಲ ಮೊಟ್ಸಾರ್ಟನದು, ಮೆಚ್ಚದ್ದೆಲ್ಲ ಶಿಷ್ಯನದು ಎಂಬುದು ಯಾವ ನ್ಯಾಯ?

ಕನ್ನಡ ಪಾಠ ಹೇಳುವವನಿಗೆ ವಿಯೆನ್ನಾದ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ಪೂರೈಸಿದವನು ತಿಮ್ಮಣ್ಣಕವಿ. ನಮ್ಮಲ್ಲಿ ಅವನನ್ನು ಓದಿದವರೆಷ್ಟು ಮಂದಿ? ಪ್ರತಿಭೆಯನ್ನು ಪೂಜಿಸುವ ಭರದಲ್ಲಿ ಪೂರೈಸಿದವರನ್ನು ಹೊರಗೆ ನಿಲ್ಲಿಸುವ ರೋಗ ಯುರೋಪಿಗಷ್ಟೇ ಸೇರಿದ್ದಲ್ಲ.

ಆದುದರಿಂದ ‘ರೆಕ್ವಿಯೆಮ್’ ಹಾಡಿಸುವವರು ಕಾರ್ಯಕ್ರಮಪತ್ರಿಕೆಯಲ್ಲಿ ಎರಡು ಹೆಸರುಗಳನ್ನೂ ಸಮನಾದ ಅಕ್ಷರಗಳಲ್ಲಿ ಅಚ್ಚು ಮಾಡಲಿ. ಅದರಿಂದ ಮೊಟ್ಸಾರ್ಟನ ಕೀರ್ತಿಗೆ ಕೂದಲೆಳೆಯಷ್ಟೂ ಕುಂದಿಲ್ಲ. ಕೃತಿಯನ್ನು ಕದಿಯಹೊರಟ ಕೌಂಟ್‌ನ ಹೆಸರು ಉಳಿದಿದೆ, ಮುಗಿಸಿಕೊಟ್ಟವನದು ಅಳಿಯಬೇಕೆ?